ಕಿವಿ ಮಿಷನ್ ಹಂಚೋಣವೇ, ಸಂಶೋಧನೆಗೆ ಕೊಡೋಣವೇ? ನಮ್ಮ ಬಳಗದ ದುಡ್ಡಿಗೆ ಒಂದು ದಾರಿ ಹೇಳಿ

ಕೈವಾರದವನು (ಚಿಂತಾಮಣಿ ತಾಲ್ಲೂಕು)
ಎಲ್ಲರಿಗೂ ನಮಸ್ಕಾರ. ಒಂದೇ ಹೈಸ್ಕೂಲಿನಲ್ಲಿ ಓದಿದ ನಾವು ಕೆಲವರು ಸೇರಿ ಒಂದು ಬಳಗ ಮಾಡಿಕೊಂಡಿದ್ದೇವೆ. ನಮ್ಮ ಗಣಿತದ ಮೇಷ್ಟ್ರ ನೆನಪಿಗೆ ಅಂತ ಈ ಸಲ ಮೂರು ಲಕ್ಷದಷ್ಟು ದುಡ್ಡು ಕೂಡಿದೆ. ಮೇಷ್ಟ್ರಿಗೆ ಕೊನೆಗಾಲದಲ್ಲಿ ಕಿವಿ ಪೂರ್ತಿ ಹೋಗಿತ್ತು. ಮನೆಗೆ ಹೋದರೆ ಸ್ಲೇಟು ಕೈಗೆ ಕೊಟ್ಟು "ಬರಿಯಪ್ಪ" ಅನ್ನುತ್ತಿದ್ದರು. ಹಾಗಾಗಿ ದುಡ್ಡು ಕಿವಿಗೆ ಸಂಬಂಧಪಟ್ಟ ಕೆಲಸಕ್ಕೇ ಹೋಗಲಿ ಅನ್ನೋದರಲ್ಲಿ ತಕರಾರಿಲ್ಲ.

ತಕರಾರು ಇರೋದು ಎಲ್ಲಿಗೆ ಅನ್ನೋದರಲ್ಲಿ. ಅರ್ಧ ಜನ ಉಚಿತ ಕ್ಯಾಂಪ್ ಮಾಡಿ ಮಿಷನ್ ಹಂಚೋಣ ಅಂತಾರೆ. ಅಮೆರಿಕದಲ್ಲಿರುವ ಗೆಳೆಯನೊಬ್ಬ "ಮಿಷನ್ ಕೊಟ್ಟರೆ ಒಬ್ಬನಿಗೆ, ಸಂಶೋಧನೆಗೆ ಕೊಟ್ಟರೆ ಎಲ್ಲರಿಗೂ" ಅಂತ ಅಲ್ಲಿನ ಹಿಯರಿಂಗ್ ಹೆಲ್ತ್ ಫೌಂಡೇಶನ್ ಹೆಸರು ಹೇಳುತ್ತಾನೆ. ಇನ್ನಿಬ್ಬರು ನಾವೇ ಒಂದು ಟ್ರಸ್ಟ್ ನೋಂದಣಿ ಮಾಡಿಸೋಣ ಅಂತಾರೆ. ತಿಳಿದವರು ಹೇಳಿ.

ರಾಗಿಮುದ್ದೆ ರಾಯ (ಕೋಲಾರ)
ಟ್ರಸ್ಟ್ ಅಂದ್ರೆ ಮೊದಲು ಅಧ್ಯಕ್ಷ ಯಾರು ಅಂತ ಜಗಳ, ಆಮೇಲೆ ಆಡಿಟರ್ ಫೀಸು. ಮೂರು ಲಕ್ಷಕ್ಕೆ ಟ್ರಸ್ಟ್ ಬೇಡ ಗುರು. ಕ್ಯಾಂಪ್ ಮಾಡಿ, ನೂರು ಜನಕ್ಕೆ ಮಿಷನ್ ಕೊಡಿ, ಮುಗೀತು.

ಗೌರಿಬಿದನೂರು ಅಮ್ಮ
ರಾಯರೇ, ಅಲ್ಲಿಗೆ ಮುಗಿಯಲ್ಲ, ಅಲ್ಲಿಂದಲೇ ಶುರು. ನನ್ನ ಮಗಳಿಗೆ ಹುಟ್ಟಿನಿಂದ ಕೇಳುತ್ತಿರಲಿಲ್ಲ. ಹುಟ್ಟಿದ ಆಸ್ಪತ್ರೆಯಲ್ಲಿ ಯಾರೂ ಕಿವಿ ಪರೀಕ್ಷೆ ಮಾಡಲಿಲ್ಲ. ಎರಡು ವರ್ಷವಾದರೂ ಮಾತು ಬರದಿದ್ದಾಗ ಅತ್ತೆ "ಅವರಪ್ಪನೂ ನಿಧಾನಕ್ಕೇ ಮಾತಾಡಿದ್ದು, ಸುಮ್ನಿರು" ಅಂದರು. ಆಮೇಲೆ ಅಂಗನವಾಡಿಗೆ ಬಂದ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ಡಾಕ್ಟರು ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡಿ, ಚೀಟಿ ಬರೆದುಕೊಟ್ಟರು. ಬೆಂಗಳೂರಿನಲ್ಲಿ ಬೆರಾ ಪರೀಕ್ಷೆ, ಅಂದರೆ ಶಬ್ದ ಕಿವಿಯಿಂದ ಮೆದುಳಿಗೆ ಮುಟ್ಟುತ್ತಾ ಅಂತ ನೋಡೋದು. ಅಲ್ಲಿಂದ ಕಾಕ್ಲಿಯರ್ ಇಂಪ್ಲಾಂಟ್, ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಸಾಧನ. ಸರ್ಕಾರದ ಯೋಜನೆಯಲ್ಲಿ ಆಯಿತು, ಕೈಯಿಂದ ಕೊಡಬೇಕಿದ್ದರೆ ನಮ್ಮ ದ್ರಾಕ್ಷಿ ತೋಟ ಹೋಗುತ್ತಿತ್ತು.

ಆಪರೇಷನ್ ಆದ ತಕ್ಷಣ ಮಗು "ಅಮ್ಮಾ" ಅನ್ನುತ್ತೆ ಅಂದುಕೊಂಡಿದ್ದರು ನಮ್ಮ ಮನೆಯವರೆಲ್ಲ. ಗಾಯ ಮಾಯ್ದ ಮೇಲೆ, ಕೆಲವು ವಾರ ಬಿಟ್ಟು ಮಿಷನ್ ಆನ್ ಮಾಡುತ್ತಾರೆ. ಅವಳು ಮೊದಲು ಮಾಡಿದ್ದು ಅಳೋದು. ಆ ಮೇಲೆ ಥೆರಪಿ, ಅಂದರೆ ಕೇಳೋದನ್ನೂ ಮಾತನ್ನೂ ಕಲಿಸೋದು. ಬೆಳಿಗ್ಗೆ ಎದ್ದ ಕೂಡಲೇ ಅವಳಿಗೆ ಮಿಷನ್ ಹಾಕಿ, ನನ್ನ ಬಾಯಿ ಅವಳಿಗೆ ಕಾಣದ ಹಾಗೆ ಕೈ ಅಡ್ಡ ಹಿಡಿದು ಆರು ಶಬ್ದ ಹೇಳುತ್ತೇನೆ: ಆ, ಊ, ಈ, ಮ್, ಶ್, ಸ್. ಒಂದೊಂದು ಕೇಳಿದಾಗಲೂ ಅವಳು ಒಂದು ಹುಣಸೆಬೀಜ ಡಬ್ಬಿಗೆ ಹಾಕಬೇಕು. "ಸ್" ಅಂದಾಗ ಬೀಜ ಕೈಯಲ್ಲೇ ಉಳಿದರೆ ಅವತ್ತು ಕೇಬಲ್ಲೋ ಮ್ಯಾಪಿಂಗೋ (ಮಿಷನ್ನಿನ ಸೆಟ್ಟಿಂಗ್) ಏನೋ ಕೆಟ್ಟಿದೆ ಅಂತ ಗೊತ್ತಾಗುತ್ತೆ.

ಕೇಬಲ್ ಹೋದರೆ ಸಾವಿರಗಟ್ಟಲೆ. ವಾರಂಟಿ ಮುಗಿದ ಮೇಲೆ ಪ್ರೊಸೆಸರ್, ಅಂದರೆ ಹೊರಗೆ ಹಾಕುವ ಮಿಷನ್, ಹೋದರೆ ಲಕ್ಷಗಟ್ಟಲೆ. ಥೆರಪಿಗೆ ಬೆಂಗಳೂರಿಗೆ ಹೋಗಬೇಕು. ಶಕ್ತಿ ಯೋಜನೆ ಬಂದ ಮೇಲೆ ನನಗೆ ಬಸ್ ಫ್ರೀ, ಮಗಳಿಗೆ ಆರು ತುಂಬುವ ತನಕ ಟಿಕೆಟ್ಟೇ ಇರಲಿಲ್ಲ, ನಮ್ಮ ಯಜಮಾನರೊಬ್ಬರೇ ದುಡ್ಡು ಕೊಡೋರು. ಆದರೆ ಒಂದು ದಿನದ ಕೂಲಿ ಹೋಗುತ್ತಲ್ಲ, ಅದಕ್ಕೆ ಯಾವ ಯೋಜನೆಯೂ ಇಲ್ಲ.

ನಿಮ್ಮ ದುಡ್ಡು ಈ ಜಾಗಕ್ಕೆ ಬೇಕು ಅಣ್ಣ.

ಕಿವಿ ಪರೀಕ್ಷಕಿ (ತುಮಕೂರು)
ನಾನು ಆಡಿಯಾಲಜಿಸ್ಟ್. ಮೇಡಂ ಹೇಳಿದ್ದು ಅಕ್ಷರಶಃ ನಿಜ.

ಕ್ಯಾಂಪ್ ಬಗ್ಗೆ ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಎಷ್ಟೋ ಕ್ಯಾಂಪ್‌ಗಳಲ್ಲಿ ಮೈಕು, ಶಾಲು, ಫೋಟೋ ಎಲ್ಲ ಇರುತ್ತೆ. ಕಿವಿ ಪರೀಕ್ಷೆ ಮಾಡುವುದು ಮಾತ್ರ ಶಾಮಿಯಾನದ ಕೆಳಗೆ, ಪಕ್ಕದಲ್ಲಿ ಜನರೇಟರ್ ಓಡುತ್ತಾ ಇರುವಾಗ. ಆಡಿಯೋಗ್ರಾಮ್‌ಗೆ, ಅಂದರೆ ಯಾವ ಶಬ್ದ ಎಷ್ಟು ಕೇಳುತ್ತೆ ಅಂತ ಅಳೆಯೋಕೆ, ಶಬ್ದ ಬಾರದ ಕೋಣೆ ಬೇಕು. ಒಬ್ಬೊಬ್ಬರ ಕಿವಿ ಒಂದೊಂದು ಆವರ್ತನದಲ್ಲಿ ಒಂದೊಂದು ಥರ ಕಳೆದುಕೊಂಡಿರುತ್ತೆ, ಅದಕ್ಕೆ ತಕ್ಕ ಹಾಗೆ ಮಿಷನ್ ಹೊಂದಿಸಬೇಕು. ಎಲ್ಲರಿಗೂ ಒಂದೇ ಸೆಟ್ಟಿಂಗ್ ಮಾಡಿ ಕೊಟ್ಟರೆ ಅಜ್ಜನಿಗೆ ತಟ್ಟೆ ಲೋಟದ ಸದ್ದು ಸಿಡಿಲಿನ ಹಾಗೆ ಕೇಳುತ್ತೆ, ಸೊಸೆ ಮಾತು ಮಾತ್ರ ಕೇಳಲ್ಲ. ಮೂರನೇ ದಿನ ಮಿಷನ್ ಬೀರು ಸೇರುತ್ತೆ.

ಮೋಲ್ಡ್ ಇನ್ನೊಂದು ಕಥೆ. ಕಿವಿಯ ಅಚ್ಚು ತೆಗೆದು ಮಾಡುವ ಸಣ್ಣ ತುಂಡು ಅದು. ಸಡಿಲ ಇದ್ದರೆ ಮಿಷನ್ ಕುಯ್ ಕುಯ್ ಅನ್ನುತ್ತೆ. ಮಕ್ಕಳ ಕಿವಿ ಬೆಳೆಯುತ್ತಾ ಇರುತ್ತೆ, ಅವರಿಗೆ ಕೆಲವೇ ತಿಂಗಳಿಗೊಮ್ಮೆ ಹೊಸ ಮೋಲ್ಡ್ ಬೇಕು. ಮಿಷನ್‌ಗೆ ಹೋಲಿಸಿದರೆ ಇದರ ಬೆಲೆ ಏನೂ ಅಲ್ಲ. ಆದರೆ ಇದಿಲ್ಲದೆ ಸಾವಿರಾರು ರೂಪಾಯಿಯ ಮಿಷನ್ ಡಬ್ಬದಲ್ಲಿ ಕೂತಿರೋದನ್ನು ನಾನು ದಿನಾ ನೋಡುತ್ತೇನೆ.

ಸೆಲ್ಲಿನ ವಿಷಯವೂ ಹೇಳಿಬಿಡುತ್ತೇನೆ, ಇದನ್ನು ಯಾರೂ ಹೇಳಿಕೊಡಲ್ಲ. ಇವು ಗಾಳಿಯಿಂದ ಓಡುವ ಸೆಲ್‌ಗಳು. ಹಿಂದೆ ಅಂಟಿಸಿದ ಬಣ್ಣದ ಸ್ಟಿಕರ್ ಕಿತ್ತ ಮೇಲೆ ಗಾಳಿ ಒಳಗೆ ಹೋಗಿ ಕೆಲಸ ಶುರು ಮಾಡುತ್ತವೆ. ಕಿತ್ತು ಒಂದು ನಿಮಿಷ ಹಾಗೇ ಇಟ್ಟು ಆಮೇಲೆ ಹಾಕಿ. ಸ್ಟಿಕರ್ ವಾಪಸ್ ಅಂಟಿಸಿದರೆ ಉಳಿತಾಯ ಆಗಲ್ಲ, ಒಮ್ಮೆ ಕಿತ್ತರೆ ಮುಗೀತು. ಸೆಲ್ಲಿನ ಅಳತೆ ನಂಬರಿಗೆ ಬಣ್ಣ ನೋಡಿಕೊಳ್ಳಿ: ಕಿತ್ತಳೆ ಅಂದರೆ 13, ನೀಲಿ ಅಂದರೆ 675, ಕಂದು ಅಂದರೆ 312.

ಮಾಲೂರು ಮೇಷ್ಟ್ರು
ಸಂಶೋಧನೆಯ ಪರವಾಗಿ ಯಾರೂ ಮಾತಾಡಲಿಲ್ಲವಲ್ಲ, ನಾನು ಮಾತಾಡುತ್ತೇನೆ. ವಿಜ್ಞಾನ ಪಾಠ ಮಾಡೋನು, ತಡೆದುಕೊಳ್ಳೋಕೆ ಆಗಲ್ಲ.

ಕೈವಾರದವರ ಗೆಳೆಯ ಹೇಳಿದ ಸಂಸ್ಥೆ ಸಾಮಾನ್ಯದ್ದಲ್ಲ. 1958ರಲ್ಲಿ ಕೊಲೆಟ್ ರಾಮ್ಸಿ ಬೇಕರ್ ಎಂಬ ಹೆಣ್ಣುಮಗಳು ನ್ಯೂಯಾರ್ಕಿನಲ್ಲಿ ಶುರು ಮಾಡಿದ್ದು. ಆಕೆಗೇ ಕಿವಿ ಕೇಳುತ್ತಿರಲಿಲ್ಲ, ಆಪರೇಷನ್ ಆಗಿ ಕೇಳಿಸುವಂತಾದ ಮೇಲೆ ಈ ಕೆಲಸಕ್ಕೆ ಇಳಿದರು. ಆಗ ಅದರ ಹೆಸರು ಡೆಫ್‌ನೆಸ್ ರಿಸರ್ಚ್ ಫೌಂಡೇಶನ್. ಲಾಭದ ಆಸೆ ಇಲ್ಲದ ಸಂಸ್ಥೆ. ದೊಡ್ಡ ಅನುದಾನ ಸಿಗದ ಹೊಸ ವಿಜ್ಞಾನಿಗಳಿಗೆ ಮೊದಲ ದುಡ್ಡು ಕೊಡೋದು ಇವರ ಮುಖ್ಯ ಕೆಲಸ. ಕಾಕ್ಲಿಯರ್ ಇಂಪ್ಲಾಂಟನ್ನು ಜನ ನಂಬದೇ ಇದ್ದ ಕಾಲದಲ್ಲೇ ಆ ಸಂಶೋಧನೆಗೆ ಇವರ ನೆರವಿತ್ತು. ಗೌರಿಬಿದನೂರಿನ ಆ ಮಗುವಿನ ತಲೆಯಲ್ಲಿ ಕೂತಿರೋದು ಅಂಥ ಹಳೆಯ ದಾನಗಳ ಫಲವೂ ಹೌದು ಅಲ್ವಾ?

ಇನ್ನೊಂದು ಸ್ವಾರಸ್ಯ. ನಮ್ಮ ಒಳಗಿವಿಯಲ್ಲಿ ಸಣ್ಣ ಸಣ್ಣ ರೋಮಕೋಶಗಳಿವೆ, ಒಂದೊಂದು ಕಿವಿಗೆ ಸುಮಾರು 15 ಸಾವಿರ. ಶಬ್ದ ಬಂದಾಗ ಇವುಗಳ ತುದಿ ಬಾಗುತ್ತೆ, ಅದು ವಿದ್ಯುತ್ ಸಂಕೇತವಾಗಿ ಮೆದುಳಿಗೆ ಹೋಗುತ್ತೆ. ಇವು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟಲ್ಲ. ಆದರೆ ಕೋಳಿಮರಿಗಳಲ್ಲಿ ಹುಟ್ಟುತ್ತವೆ! 1980ರ ದಶಕದ ಕೊನೆಯಲ್ಲಿ ಇದನ್ನು ಕಂಡುಹಿಡಿದರು. ಭಾರಿ ಶಬ್ದಕ್ಕೆ ಕಿವಿ ಹಾಳಾದ ಮರಿಗೆ ಕೆಲವೇ ವಾರದಲ್ಲಿ ಹೊಸ ರೋಮಕೋಶ ಬೆಳೆದಿತ್ತು. ಮೀನುಗಳಿಗೂ ಈ ಶಕ್ತಿ ಇದೆ. ಹಾಗಾದರೆ ಮನುಷ್ಯನ ಕಿವಿಯಲ್ಲಿ ಅದಕ್ಕೆ ಬೀಗ ಹಾಕಿದ್ದು ಯಾವುದು ಅಂತ ಹುಡುಕೋಕೆ ಈ ಸಂಸ್ಥೆ 2011ರಲ್ಲಿ ಹಲವು ಲ್ಯಾಬ್‌ಗಳನ್ನು ಒಟ್ಟುಗೂಡಿಸಿತು. ಕೋಳಿಮರಿ, ಜೀಬ್ರಾ ಮೀನು, ಇಲಿ, ಮೂರನ್ನೂ ಇಟ್ಟುಕೊಂಡು ಹೋಲಿಸಿ ನೋಡುತ್ತಾ ಇದ್ದಾರೆ.

ಜೀನ್ ಚಿಕಿತ್ಸೆಯಂತೂ ಆಗಲೇ ಫಲ ಕೊಟ್ಟಿದೆ. ಓಟಾಫ್ ಅನ್ನುವ ಒಂದು ಜೀನ್ ಕೆಟ್ಟು ಹುಟ್ಟಿನಿಂದ ಕೇಳದ ಆರು ಮಕ್ಕಳಿಗೆ ಚೀನಾದಲ್ಲಿ ಒಳಗಿವಿಗೆ ಸರಿಯಾದ ಜೀನ್ ಕೊಟ್ಟರು. ಐದು ಮಕ್ಕಳಿಗೆ ಕೇಳಿಸತೊಡಗಿತು. 2024ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ರಾಗಿಮುದ್ದೆ ರಾಯ (ಕೋಲಾರ)
ಮೇಷ್ಟ್ರೇ, ಕೋಳಿಮರಿಗೆ ಕಿವಿ ಬಂದಿದ್ದು ಸಂತೋಷ. ಆದರೆ ಚಿಂತಾಮಣಿಯ ಮೂರು ಲಕ್ಷ ಡಾಲರ್ ಆದರೆ ಎಷ್ಟು ಆಗುತ್ತೆ ಲೆಕ್ಕ ಹಾಕಿ. ಅವರ ಲ್ಯಾಬಿನ ಒಂದು ಸೂಕ್ಷ್ಮದರ್ಶಕದ ಗಾಜಿಗೂ ಸಾಲಲ್ಲ. ಅಮೆರಿಕದ ಗೆಳೆಯ ಅಮೆರಿಕದ ದುಡ್ಡು ಕೊಡಲಿ.

ಕಿವಿ ಪರೀಕ್ಷಕಿ (ತುಮಕೂರು)
ಸಂಶೋಧನೆಗೇ ಕೊಡಬೇಕು ಅಂದರೂ ಸಮುದ್ರ ದಾಟಬೇಕಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಅದು ಕೇಂದ್ರ ಸರ್ಕಾರದ್ದು. ದೇಶದ ಎಷ್ಟೋ ಆಡಿಯಾಲಜಿಸ್ಟ್‌ಗಳು ಅಲ್ಲೇ ಓದಿದವರು. ಬೆಂಗಳೂರಿನ ಹೆಣ್ಣೂರು ರಸ್ತೆಯಲ್ಲಿ ಡಾ. ಎಸ್. ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ, ಅದು ದಾನಿಗಳ ನೆರವಿನ, ಲಾಭದ ಉದ್ದೇಶವಿಲ್ಲದ ಸಂಸ್ಥೆ. ಪಾಠ, ಪರೀಕ್ಷೆ, ಥೆರಪಿ ಎಲ್ಲ ಒಂದೇ ಕಡೆ. ಕನ್ನಡದ ಮಗುವಿಗೆ ಯಾವ ಶಬ್ದ ಮೊದಲು ಕಲಿಸಬೇಕು, ಕನ್ನಡದ ಪದಗಳಲ್ಲಿ ಕಿವಿ ಪರೀಕ್ಷೆ ಹೇಗೆ ಮಾಡಬೇಕು ಅನ್ನುವ ಕೆಲಸ ನ್ಯೂಯಾರ್ಕಿನಲ್ಲಿ ಯಾರೂ ಮಾಡಲ್ಲ, ಇಲ್ಲೇ ಆಗಬೇಕು.

ಚಾಂಪಿಯನ್ ರೀಫ್ (ಕೆಜಿಎಫ್)
ಎಲ್ಲರೂ ಮಕ್ಕಳು, ಅಜ್ಜಂದಿರು ಅಂತೀರಿ. ನಡುವಯಸ್ಸಿನ ಕೂಲಿಯವರನ್ನು ಯಾರೂ ನೆನೆಸಲ್ಲ.

ನಮ್ಮಪ್ಪ ಗಣಿಯಲ್ಲಿ ಡ್ರಿಲ್ ಹಿಡಿದವರು. 2001ರಲ್ಲಿ ಗಣಿ ಮುಚ್ಚಿತು, ಕಿವಿ ಅದಕ್ಕೆ ಮುಂಚೆಯೇ ಮುಚ್ಚಿತ್ತು. ನಮ್ಮ ಲೈನ್ ಮನೆಗಳಲ್ಲಿ ಗಂಡಸರೆಲ್ಲ ಜೋರಾಗಿ ಮಾತಾಡೋರು, ಹೊರಗಿನವರು ಜಗಳ ಆಡ್ತಿದ್ದಾರೆ ಅಂದ್ಕೊಳ್ಳೋರು. ಈಗ ಚಿಕ್ಕಬಳ್ಳಾಪುರ, ಗುಡಿಬಂಡೆ ಕಡೆ ಕಲ್ಲು ಒಡೆಯುವ ಕ್ರಷರ್‌ಗಳಲ್ಲಿ ಅದೇ ನಡೀತಾ ಇದೆ. ಮುಖಕ್ಕೆ ಟವೆಲ್ ಸುತ್ತಿಕೊಂಡಿರ್ತಾರೆ, ಅದು ಧೂಳಿಗೆ. ಕಿವಿಗೆ ಏನೂ ಇಲ್ಲ.

ಕಿವಿ ಪರೀಕ್ಷಕಿ (ತುಮಕೂರು)
ಒಳ್ಳೇ ಮಾತು ಎತ್ತಿದಿರಿ. 85 ಡೆಸಿಬಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಅನ್ನುವುದು ಸಾಮಾನ್ಯ ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದರೆ ಹೊತ್ತು ಅರ್ಧ ಆಗುತ್ತೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ಕ್ರಷರ್ ಪಕ್ಕ ನಿಂತವರಿಗೆ ಬೆಳಗಿನ ಟೀ ಹೊತ್ತಿಗೇ ಆ ದಿನದ ಪಾಲು ಮುಗಿದಿರುತ್ತೆ.

ಈ ಕಿವುಡು ಮೋಸದ್ದು. ಮೊದಲು ಹೋಗೋದು 4000 ಹರ್ಟ್ಸ್ ಆಸುಪಾಸಿನ ತೀಕ್ಷ್ಣ ಶಬ್ದಗಳು. ಸ, ಶ, ತ ಇಂಥವು. "ಶಬ್ದ ಕೇಳುತ್ತೆ ಮೇಡಂ, ಏನಂತಾರೆ ಅಂತ ತಿಳಿಯಲ್ಲ" ಅಂತಾರೆ. ಹೆಂಡತಿ ಮಾತಿಗೆ ಬೇಕಂತಲೇ ಕಿವಿ ಕೊಡಲ್ಲ ಅಂತ ಮನೆಯಲ್ಲಿ ಬೈಸಿಕೊಳ್ಳುತ್ತಾರೆ, ಪಾಪ. ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಇದು ವರದಿ ಮಾಡಲೇಬೇಕಾದ ಕಾಯಿಲೆ ಅಂತ ಸೇರಿತ್ತು. ವರದಿ ಮಾಡಿದ್ದನ್ನು ನಾನಂತೂ ನೋಡಿಲ್ಲ. ಈ ಕಿವುಡಿಗೆ ವಾಸಿಯಾಗುವ ಚಿಕಿತ್ಸೆ ಇಲ್ಲ, ಮೊದಲೇ ಇಯರ್ ಪ್ಲಗ್ ಸರಿಯಾಗಿ ಹಾಕಿದರೆ ಬಹುಮಟ್ಟಿಗೆ ತಡೆಯಬಹುದು.

ಮಾಲೂರು ಮೇಷ್ಟ್ರು
ಹುಟ್ಟಿನಿಂದ ಬರುವ ಕಿವುಡಿನ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿ ಇನ್ನೂ ಇದೆ. ಕಿವುಡು ತರುವ ಜೀನ್ ಎಷ್ಟೋ ಸಲ ತಂದೆತಾಯಿ ಇಬ್ಬರಲ್ಲೂ ಸುಮ್ಮನೆ ಮಲಗಿರುತ್ತೆ, ಇಬ್ಬರಿಗೂ ಚೆನ್ನಾಗಿ ಕೇಳುತ್ತೆ. ಇಬ್ಬರಿಂದಲೂ ಮಗುವಿಗೆ ಕೆಟ್ಟ ಪ್ರತಿಯೇ ಬಂದರೆ ಮಾತ್ರ ಕಿವುಡು. ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಒಂದೇ ಮನೆತನದವರಾದರೆ ಇಬ್ಬರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಜಾಸ್ತಿ.

ಪಾವಗಡ ಪೇಟೆ
ಶುರುವಾಯ್ತು. ನಾನು ಮದುವೆಯಾಗಿರೋದು ಸೋದರತ್ತೆ ಮಗಳನ್ನೇ, ನನ್ನ ಮೂರು ಮಕ್ಕಳಿಗೂ ಕಿವಿ ಚೆನ್ನಾಗಿದೆ. ಸಂಬಂಧ ಮಾಡಿದ್ದಕ್ಕೇ ಹೀಗಾಯ್ತು ಅಂತ ಕಿವುಡು ಮಗು ಹೆತ್ತ ತಾಯಿಗೆ ಹೇಳೋ ಜನ ಊರಲ್ಲಿ ಮೊದಲೇ ಬೇಕಾದಷ್ಟು ಇದ್ದಾರೆ. ಇಲ್ಲೂ ಅದೇ ಬೇಕಾ?

ಮಾಲೂರು ಮೇಷ್ಟ್ರು
ಪಾವಗಡದವರೇ, ಯಾರನ್ನೂ ದೂರಲಿಲ್ಲ. ಆಗಿಹೋದ ಮದುವೆಯ ಮಾತಲ್ಲ ಇದು. ಮನೆಯಲ್ಲಿ ಒಂದು ಮಗುವಿಗೆ ಹೀಗಾಗಿದ್ದರೆ ಮುಂದಿನದು ಹುಟ್ಟಿದ ಕೂಡಲೇ ಪರೀಕ್ಷೆ ಮಾಡಿಸಬಹುದಲ್ಲ, ಅಷ್ಟಕ್ಕೆ ಹೇಳಿದೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಮಿಷನ್ ಅಂತ ಲೆಕ್ಕ ಇದೆ. ಮೆದುಳು ಮಾತು ಕಲಿಯುವ ವಯಸ್ಸು ಕಾಯಲ್ಲ.

ಬಂಗಾರಪೇಟೆ ಕೈಮಾತು
ಪೂರ್ತಿ ಓದಿದೆ. ನನಗೆ ಹುಟ್ಟಿನಿಂದ ಕೇಳಲ್ಲ. ಸನ್ನೆ ಭಾಷೆ ನನ್ನ ಭಾಷೆ, ಬರೆಯೋದು ಕನ್ನಡ.

ಕೈವಾರದವರಿಗೆ ಒಂದು ಪ್ರಶ್ನೆ. ನಿಮ್ಮ ಬಳಗದಲ್ಲಿ ಕಿವಿ ಕೇಳದವರು ಎಷ್ಟು ಜನ ಇದ್ದೀರಿ? ದುಡ್ಡು ಹೇಗೆ ಖರ್ಚು ಮಾಡಬೇಕು ಅಂತ ಅವರನ್ನು ಕೇಳಿದಿರಾ?

ಚಿಕ್ಕಂದಿನಲ್ಲಿ ನನಗೂ ಕ್ಯಾಂಪಿನಲ್ಲಿ ಮಿಷನ್ ಕೊಟ್ಟರು. ಜೇಬಿನಲ್ಲಿ ಪೆಟ್ಟಿಗೆ, ಕಿವಿಗೆ ವೈರು. ನನ್ನ ಕಿವುಡು ತೀರಾ ಜಾಸ್ತಿ, ಬರೀ ಗರಗರ. ಆದರೂ "ಕೈ ಆಡಿಸಬೇಡ, ಬಾಯಲ್ಲಿ ಹೇಳು" ಅಂತ ಶಾಲೆಯಲ್ಲಿ ಕೈ ಮೇಲೆ ಹೊಡೆಯೋರು. ಸನ್ನೆ ಕಲಿತ ಮೇಲೇ ನನಗೆ ಲೆಕ್ಕ, ಇತಿಹಾಸ ಎಲ್ಲ ತಲೆಗೆ ಹತ್ತಿದ್ದು. ಈಗ ದಿಲ್ಲಿಯಲ್ಲಿ ಸನ್ನೆ ಭಾಷೆಗೇ ಒಂದು ರಾಷ್ಟ್ರೀಯ ಕೇಂದ್ರ ಇದೆ, 2015ರಲ್ಲಿ ಶುರುವಾಗಿದ್ದು, ನಿಘಂಟೂ ಮಾಡಿದ್ದಾರೆ. ಮೊಬೈಲಲ್ಲಿ ನೋಡಬಹುದು. ಆಸ್ಪತ್ರೆಗೆ ಹೋದರೆ ಸನ್ನೆ ಬಲ್ಲವರು ಒಬ್ಬರೂ ಇರಲ್ಲ. ಎದೆನೋವೋ ಹೊಟ್ಟೆನೋವೋ ಅಂತ ಹೇಳೋಕೆ ಚೀಟಿ ಬರೆಯಬೇಕು. ಚಿಕಿತ್ಸೆ ಅಂದಾಗ ಇದನ್ನೂ ಸೇರಿಸಿ.

ಗೌರಿಬಿದನೂರು ಅಮ್ಮ
ತಮ್ಮ, ನೀವು ಹೇಳಿದ್ದು ಮನಸ್ಸಿಗೆ ನಾಟಿತು. ನಮಗೆ ಥೆರಪಿಯಲ್ಲಿ ಸನ್ನೆ ಮಾಡಬೇಡಿ, ಕಿವಿಯಿಂದಲೇ ಕಲಿಯಲಿ ಅಂತ ಹೇಳಿದ್ದಾರೆ, ನಾನು ಹಾಗೇ ಮಾಡುತ್ತಿದ್ದೇನೆ. ಅವಳು ಮಾತಾಡುತ್ತಾಳೆ, ಕನ್ನಡ ಶಾಲೆಗೆ ಹೋಗುತ್ತಾಳೆ. ಆದರೆ ರಾತ್ರಿ ಮಿಷನ್ ತೆಗೆದ ಮೇಲೆ ಅವಳಿಗೆ ಏನೂ ಕೇಳಲ್ಲ. ಕತ್ತಲಲ್ಲಿ ಬೆನ್ನ ಮೇಲೆ ಬೆರಳಲ್ಲಿ ಬರೆದು ಮಾತಾಡುತ್ತೇವೆ. ಒಂದಿಷ್ಟು ಸನ್ನೆ ಗೊತ್ತಿದ್ದರೆ ದೀಪ ಹಾಕಿದಾಗಲಾದರೂ ಆಗುತ್ತಿತ್ತು ಅನ್ನಿಸಿತು. ಕಲಿಸುತ್ತೀರಾ?

ಬಂಗಾರಪೇಟೆ ಕೈಮಾತು
ಖಂಡಿತ ಅಕ್ಕ. ವಿಡಿಯೋ ಕಾಲ್‌ನಲ್ಲಿ ಆಗುತ್ತೆ. ಭಾನುವಾರ ಬಿಡುವು ಇರುತ್ತೆ.

ಶಿರಾ ಅಜ್ಜ
ನನ್ನದು ಬೇರೆ ಥರ. ಒಂದು ಬೆಳಿಗ್ಗೆ ಎದ್ದರೆ ಬಲಗಿವಿ ಇಲ್ಲ. ಕುಗ್ಗೆ ಕಟ್ಟಿರಬೇಕು ಅಂತ ಮನೆಯಲ್ಲಿ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಟ್ಟರು. ಮೆಡಿಕಲ್ ಸ್ಟೋರಿನವನು ಡ್ರಾಪ್ಸ್ ಕೊಟ್ಟ. ಆಮೇಲೆ ಇಎನ್‌ಟಿ ಹತ್ತಿರ ಹೋಗೋ ಹೊತ್ತಿಗೆ ತಿಂಗಳು ದಾಟಿತ್ತು. "ಮೊದಲೇ ಬಂದಿದ್ದರೆ ಸ್ಟೆರಾಯ್ಡ್ ಕೊಟ್ಟು ನೋಡಬಹುದಿತ್ತು" ಅಂದರು. ಕ್ಯಾಂಪೋ ಲ್ಯಾಬೋ ಏನಾದರೂ ಮಾಡಿಕೊಳ್ಳಿ, ಒಂದು ಗೋಡೆಬರಹ ಮಾಡಿಸಿ: ಕಿವಿ ದಿಢೀರ್ ಹೋದರೆ ಅದೇ ದಿನ ಡಾಕ್ಟರ ಹತ್ತಿರ ಓಡಿ.

ಕಿವಿ ಪರೀಕ್ಷಕಿ (ತುಮಕೂರು)
ಅಜ್ಜ ಹೇಳಿದ್ದಕ್ಕೆ ನೂರು ಅಂಕ. ದಿಢೀರ್ ಕಿವುಡು ತುರ್ತು ಕಾಯಿಲೆ, ಮೊದಲ ಎರಡು ವಾರದ ಚಿಕಿತ್ಸೆಯೇ ಮುಖ್ಯ. ಕಿವಿ ಸೋರುತ್ತಿದ್ದರಂತೂ ಎಣ್ಣೆ, ಸೊಪ್ಪಿನ ರಸ ಏನೂ ಬಿಡಬೇಡಿ. ತಮಟೆ ತೂತಾಗಿದ್ದರೆ ಅದು ನೇರ ಒಳಗೆ ಹೋಗುತ್ತೆ.

ಕೈವಾರದವರೇ, ಸಂಶೋಧನೆ ಬೇಕು ಅನ್ನೋರಿಗೆ ನನ್ನದೊಂದು ಸಲಹೆ. ಸಂಶೋಧನೆ ಅಂದರೆ ಲ್ಯಾಬೇ ಆಗಬೇಕಾ? ನಿಮ್ಮ ತಾಲ್ಲೂಕಿನಲ್ಲಿ ಹಿಂದೆ ನಡೆದ ಕ್ಯಾಂಪ್‌ಗಳಲ್ಲಿ ಮಿಷನ್ ತೆಗೆದುಕೊಂಡವರ ಮನೆಗೆ ಹೋಗಿ. ಆಶಾ ಕಾರ್ಯಕರ್ತೆಯರಿಗೆ ಮನೆಗಳು ಗೊತ್ತಿರುತ್ತವೆ. ಯಾರು ಹಾಕಿಕೊಳ್ಳುತ್ತಿದ್ದಾರೆ, ಯಾರದ್ದು ಬೀರುವಿನಲ್ಲಿದೆ, ಯಾಕೆ ಅಂತ ಬರೆದುಕೊಳ್ಳಿ. ಮೋಲ್ಡ್ ಇಲ್ಲ, ಸೆಲ್ ಸಿಗಲ್ಲ, ಸೆಟ್ಟಿಂಗ್ ಸರಿಯಿಲ್ಲ, ನಾಚಿಕೆ, ಇಷ್ಟರಲ್ಲಿ ಯಾವುದು ಜಾಸ್ತಿ ಅಂತ ಗೊತ್ತಾದರೆ ಮೂರು ಲಕ್ಷ ಎಲ್ಲಿ ಹಾಕಬೇಕು ಅಂತ ತಾನಾಗೇ ತಿಳಿಯುತ್ತೆ. ಫಾರ್ಮ್ ನಾನು ಮಾಡಿಕೊಡುತ್ತೇನೆ.

ಕೈವಾರದವನು (ಚಿಂತಾಮಣಿ ತಾಲ್ಲೂಕು)
ಬಳಗದಲ್ಲಿ ಎಲ್ಲವನ್ನೂ ಓದಿ ಹೇಳಿದೆ. ಅಮೆರಿಕದ ಗೆಳೆಯನೂ ವಿಡಿಯೋದಲ್ಲಿ ಇದ್ದ. ತೀರ್ಮಾನ ಹೀಗಿದೆ.

ಕ್ಯಾಂಪ್ ಇಲ್ಲ, ಟ್ರಸ್ಟ್ ಸದ್ಯಕ್ಕೆ ಇಲ್ಲ. ಮೊದಲು ಮೇಡಂ ಹೇಳಿದ ಮನೆಮನೆ ಲೆಕ್ಕ. ಈಗಾಗಲೇ ಮಿಷನ್ ಇದ್ದು ಬಳಸಲಾಗದೆ ಇರುವವರಿಗೆ, ಅದರಲ್ಲೂ ಮಕ್ಕಳಿಗೆ, ಮೋಲ್ಡ್, ಸೆಲ್, ಕೇಬಲ್ ಮತ್ತು ಥೆರಪಿಗೆ ಹೋದ ದಿನದ ಕೂಲಿ. ಕೂಲಿ ಕೊಡೋದು ಯಾಕೆ ಅಂತ ಒಬ್ಬಿಬ್ಬರು ಗೊಣಗಿದರು. ಗೌರಿಬಿದನೂರಿನ ಅಕ್ಕನ ಬರಹ ಇನ್ನೊಮ್ಮೆ ಓದಿಸಿದೆ, ಸುಮ್ಮನಾದರು. ಬೆಂಗಳೂರಿನ ಸಂಸ್ಥೆಗೆ ಪತ್ರ ಬರೆದು, ತಿಂಗಳಿಗೊಮ್ಮೆ ಯಾರಾದರೂ ನಮ್ಮ ಶಾಲೆಯ ಕೋಣೆಗೆ ಬಂದು ಮೋಲ್ಡ್ ಅಚ್ಚು ತೆಗೆಯಬಹುದಾ ಅಂತ ಕೇಳುತ್ತೇವೆ. ಕ್ರಷರ್ ಕೆಲಸಗಾರರಿಗೆ ಇಯರ್ ಪ್ಲಗ್ ಕೊಡೋಕೆ ಕ್ಲಾಸ್‌ಮೇಟ್ ಒಬ್ಬ ತನ್ನ ಕೈಯಿಂದ ಹಾಕುತ್ತೇನೆ ಅಂದಿದ್ದಾನೆ. ಅಮೆರಿಕದವನು ಕೋಳಿಮರಿಗೆ ತನ್ನ ಡಾಲರ್ ಬೇರೆ ಕೊಡುತ್ತಾನಂತೆ.

ಬಂಗಾರಪೇಟೆಯವರೇ, ನಿಮ್ಮ ಪ್ರಶ್ನೆಗೆ ಉತ್ತರ: ಒಬ್ಬರೂ ಇರಲಿಲ್ಲ. ಮುಂದಿನ ಸಭೆಗೆ ನೀವು ಬನ್ನಿ. ಮಾತಾಡಿದ್ದನ್ನು ಯಾರಾದರೂ ಬರೆದು ತೋರಿಸುತ್ತಾರೆ, ನಮ್ಮ ಗಣಿತದ ಮೇಷ್ಟ್ರ ಸ್ಲೇಟು ಅವರ ಮಗನ ಹತ್ತಿರವೇ ಇದೆಯಂತೆ.

ಬಂಗಾರಪೇಟೆ ಕೈಮಾತು
ಬರುತ್ತೇನೆ. ಸ್ಲೇಟು ಬೇಡ, ಸನ್ನೆ ಬಲ್ಲ ನನ್ನ ಗೆಳೆಯನನ್ನು ಕರೆದುಕೊಂಡು ಬರುತ್ತೇನೆ. ಅವನ ಬಸ್ ಚಾರ್ಜು ಬಳಗದ್ದು.

ರಾಗಿಮುದ್ದೆ ರಾಯ (ಕೋಲಾರ)
ಆಯ್ತು, ಸೋತೆ ಅಂತ ಹೇಳಲ್ಲ, ಆದರೆ ನಮ್ಮ ಅತ್ತೆಯ ಮಿಷನ್ ಬೀರುವಿನಿಂದ ತೆಗೆಸಿದೆ. ಸ್ಟಿಕರ್ ನೀಲಿ. ಕೋಲಾರದಲ್ಲಿ ಅಂಗಡಿಯಲ್ಲಿ ಕೇಳಿದರೆ ವಾಚಿನ ಸೆಲ್ ಕೊಡ್ತಾರೆ. ಯಾರಿಗಾದರೂ ಗೊತ್ತಾ ಎಲ್ಲಿ ಸಿಗುತ್ತೆ?

ಕಿವಿ ಪರೀಕ್ಷಕಿ (ತುಮಕೂರು)
ವಾಚಿನದು ಹಾಕಬೇಡಿ. ನೀಲಿ ಅಂದರೆ 675. ಕಿವಿ ಮಿಷನ್ ಮಾರುವ ಕ್ಲಿನಿಕ್‌ಗಳಲ್ಲಿ ಕಾರ್ಡ್ ಲೆಕ್ಕದಲ್ಲಿ ಸಿಗುತ್ತೆ, ಒಂದು ಕಾರ್ಡಿಗೆ ಸಾಮಾನ್ಯವಾಗಿ ಆರು. ಮೇಲಿನ ಅವಧಿ ತಾರೀಕು ನೋಡಿ ತನ್ನಿ. ಅತ್ತೆಗೆ ಅದನ್ನು ಹಾಕೋ ಮೊದಲು ಮೋಲ್ಡಿನ ತೂತಿನಲ್ಲಿ ಕುಗ್ಗೆ ಕಟ್ಟಿದೆಯಾ ನೋಡಿ, ಮಿಷನ್‌ನಿಂದ ಬಿಡಿಸಿಕೊಂಡು ಮೋಲ್ಡ್ ಮಾತ್ರ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ.